ಭರತದ ನೀರಿನಲ್ಲಿ ರೊಸಾಲಿನ್ ಟೀಚರ್

ರೊಸಾಲಿನ್ ಟೀಚರ್ ಈಜು ಕಲಿತದ್ದು ಅರವತ್ತು ದಾಟಿದ ಮೇಲೆ. ಅದಕ್ಕೆ ಕಾರಣ ಅವರ ಮೊಣಕಾಲು. ಮೆಟ್ಟಿಲು ಹತ್ತಿದರೆ ನೋವು, ಇಳಿದರೆ ನೋವು, ಇಗರ್ಜಿಯಲ್ಲಿ ಮೊಣಕಾಲೂರಿದರೆ ಏಳುವುದಕ್ಕೆ ಪಕ್ಕದವರ ಹೆಗಲು ಬೇಕು. ನೀರಿನಲ್ಲಿ ಸ್ವಲ್ಪ ನಡೆದಾಡಿ ಎಂದು ಡಾಕ್ಟರು ಹೇಳಿದ ಮೇಲೆ ಕೊಟ್ಟಾರದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಲೇಡಿಹಿಲ್‌ನ ಈಜುಕೊಳದ ಹೆಂಗಸರ ಬ್ಯಾಚಿಗೆ ಸೇರಿದರು. ಮೊದಮೊದಲು ಅಂಚಿನ ಕಂಬಿ ಬಿಟ್ಟವರೇ ಅಲ್ಲ. ಕಲಿಸುವ ಹುಡುಗಿ ಎಷ್ಟು ಪುಸಲಾಯಿಸಿದರೂ ಕಂಬಿ ಹಿಡಿದುಕೊಂಡೇ ಏಡಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಸರಿಯುತ್ತಿದ್ದರು. ಒಂದು ದಿನ ಹೇಗೋ ಕೈ ಬಿಟ್ಟುಹೋಯಿತು. ಮುಳುಗಿದೆ ಎಂದುಕೊಂಡರು, ಮುಳುಗಲಿಲ್ಲ. ನೀರು ಅವರನ್ನು ಕೆಳಗಿನಿಂದ ಹಿಡಿದುಕೊಂಡಿತ್ತು.

ಆವತ್ತು ಮನೆಗೆ ಬಂದು ಗಂಡ ಅಲ್ಫೋನ್ಸರಿಗೆ ಅದನ್ನು ಹೇಳಲು ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. ವಿಮೆ ಆಫೀಸಿನಿಂದ ನಿವೃತ್ತರಾಗಿದ್ದ ಅಲ್ಫೋನ್ಸ್ ಪೇಪರಿನಿಂದ ತಲೆಯೆತ್ತಿ, "ಎಂತ, ಭುಜ ಹಿಡ್ಕೊಂಡಿತಾ?" ಎಂದು ಕೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರಿಗೆ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲದೆ ಹೋಗಲು ಬಂತು. ಅಲ್ಲಿಂದ ಹೊಸ ಚಡಪಡಿಕೆ ಶುರುವಾಯಿತು. ಕೈಕಾಲು ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಗೋಡೆ ಎದುರಾಗುತ್ತದೆ. ತಿರುಗಿ ಬಂದರೆ ಇನ್ನೊಂದು ಗೋಡೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು ಅವರು. ಬೋರ್ಡಿನ ಮೇಲೆ ಭೂಮಿ, ಚಂದ್ರ, ನಡುವೆ ನೀಲಿ ಚಾಕಿನಲ್ಲಿ ಉಬ್ಬಿದ ಸಮುದ್ರ ಬರೆದು, ಉಬ್ಬರ ಹೇಗೆ ಬರುತ್ತದೆ, ಇಳಿತ ಹೇಗೆ ಆಗುತ್ತದೆ ಎಂದು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟಿದ್ದರು. ಆ ಉಬ್ಬರದ ನೀರಿಗೆ ತಾವು ಮಾತ್ರ ಮೊಣಕಾಲು ನೆನೆಯುವಷ್ಟಕ್ಕಿಂತ ಹೆಚ್ಚು ಇಳಿದಿರಲಿಲ್ಲ. ಪಕ್ಕದಲ್ಲೇ ಅಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು ನೀಲಿ ಟೈಲ್ಸಿನ ತೊಟ್ಟಿಯಲ್ಲಿ ಯಾಕೆ ಸುತ್ತುತ್ತಿದ್ದೇನೆ ಎಂದು ಅವರಿಗೆ ಒಂದು ಬೆಳಿಗ್ಗೆ ಅನ್ನಿಸಿತು. ಅನ್ನಿಸಿದ್ದು ತಲೆಯಿಂದ ಹೋಗಲಿಲ್ಲ.

ಮಗಳಿಗೆ ಗಂಡು ನೋಡುವಾಗ ತೆಗೆದುಕೊಂಡಿದ್ದಷ್ಟೇ ಜಾಗ್ರತೆಯಲ್ಲಿ ಟೀಚರ್ ನೀರು ನೋಡಲು ಹೊರಟರು. ಕೊಡೆ ಹಿಡಿದು, ಚೂಡಿದಾರದ ಕಾಲು ಮಡಚಿ, ಬಸ್ಸಿನಲ್ಲಿ ಒಂದೊಂದೇ ಕಡಲತೀರ. ಸೋಮೇಶ್ವರದಲ್ಲಿ ಬಂಡೆಗಳಿಗೆ ಅಲೆ ಅಪ್ಪಳಿಸುವುದನ್ನು ನೋಡಿ ದೂರದಿಂದಲೇ ಕೈ ಮುಗಿದು ಬಂದರು. ಸುರತ್ಕಲ್ಲಿನ ಲೈಟ್‌ಹೌಸ್ ಹತ್ತಿರ ನೋಡಲು ಬಹಳ ಚಂದ, ಆದರೆ ಇಳಿದಲ್ಲೇ ಆಳ. ಪಣಂಬೂರಿನಲ್ಲಿ ಜನ, ಚರುಮುರಿ, ಗಾಳಿಪಟ; ಸೊಂಟದ ಮಟ್ಟಕ್ಕೆ ಹೋದರೆ ಲೈಫ್‌ಗಾರ್ಡಿನ ಸೀಟಿ. ತಣ್ಣೀರುಬಾವಿಗೆ ಬಂದಾಗ ಮಾತ್ರ ಅವರು ಕೊಡೆ ಮಡಚಿ ತುಂಬ ಹೊತ್ತು ನಿಂತರು. ಅದು ಉದ್ದನೆಯ ಮರಳಿನ ನಾಲಗೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುರುಪುರ ನದಿ, ನಡುವೆ ಗಾಳಿಮರದ ತೋಪು ಮತ್ತು ಕೆಲವು ಮನೆಗಳು. ಒಂದೇ ಕಡೆ ಎರಡು ನೀರು. ಒಂದು ಒಲ್ಲೆನೆಂದರೆ ಇನ್ನೊಂದು ಉಂಟು.

ಮಸ್ಕತ್ತಿನಲ್ಲಿ ನರ್ಸ್ ಆಗಿದ್ದ ಮಗಳು ಡ್ಯಾಫ್ನಿ ಕ್ರಿಸ್ಮಸ್ ರಜೆಗೆ ಬರುವ ಸುದ್ದಿ ಬಂದದ್ದು ಆಗ. ಅವಳ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಹನ್ನೊಂದು ವರ್ಷದ ಮಗಳು ಎಲೇನ್ ಜೊತೆಗೆ ಬರುವವಳಿದ್ದಳು. ಎಲೇನ್ ಶಾಲೆಯ ಈಜು ತಂಡದಲ್ಲಿದ್ದವಳು, ಪದಕಗಳನ್ನು ಬಾಗಿಲಿನ ಹಿಡಿಗೆ ತೂಗುಹಾಕಿದವಳು.

"ಹಬ್ಬ ಮುಗಿದ ಮೇಲೆ ಮೂರು ದಿನ ಸಮುದ್ರದ ಹತ್ತಿರ ಹೋಗಿ ಇರುವ. ನಾನು ರೂಮ್ ಹೇಳಿಯಾಗಿದೆ" ಎಂದರು ಟೀಚರ್ ಫೋನಿನಲ್ಲಿ.

"ಗೋವಾನಾ ಮಮ್ಮಿ?"

"ಅಲ್ಲ. ತಣ್ಣೀರುಬಾವಿ."

"ನಮ್ಮ ಮನೆಯ ಟೆರೇಸಿನಿಂದ ಕಾಣ್ತದಲ್ಲ, ಆ ತಣ್ಣೀರುಬಾವಿಯಾ?" ಎಂದಳು ಡ್ಯಾಫ್ನಿ.

ಹಾಗೆ ಅವರು ಹೊರಟರು. ಸುಲ್ತಾನ್ ಬತ್ತೇರಿಯವರೆಗೆ ರಿಕ್ಷಾ, ಅಲ್ಲಿಂದ ನದಿ ದಾಟಲು ಫೆರಿ ದೋಣಿ. ಹತ್ತಿ ಕುಳಿತು ಚೀಲಗಳನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಆಚೆ ದಡ ಬಂದಿತ್ತು. ಅಲ್ಫೋನ್ಸ್ ಹಿಂದಿರುಗಿ ನೋಡಿ, "ಇಷ್ಟು ದೂರದ ಪ್ರಯಾಣಕ್ಕೆ ನೀನು ಬುತ್ತಿ ಬೇರೆ ಕಟ್ಟಿದ್ದೀ" ಎಂದರು. ಟೀಚರ್ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರು ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು ನೀರಿನ ಎಳೆತ ನೋಡುತ್ತಿದ್ದರು.

ಉಳಿದುಕೊಳ್ಳುವ ಮನೆ ನದಿಯ ದಡದಲ್ಲೇ ಇತ್ತು. ಹಾಶಿಂ ಎಂಬ ನಲವತ್ತರ ಆಸುಪಾಸಿನವರು ಅದನ್ನು ನಡೆಸುತ್ತಿದ್ದರು. ಕೆಲವು ವರ್ಷ ದಮ್ಮಾಮಿನಲ್ಲಿದ್ದು ಬಂದು, ತಮ್ಮ ಮನೆಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಅಂಗಳ ಮುಗಿದಲ್ಲಿ ಮರದ ಹಲಗೆಯ ಸಣ್ಣ ದಕ್ಕೆ, ಅದಕ್ಕೆ ಕಟ್ಟಿದ ಒಂದು ದೋಣಿ.

ಸಂಜೆ ಬಿಸಿಲು ಇಳಿಯುತ್ತಲೇ ಎಲ್ಲರೂ ಕಡಲಿನ ಕಡೆ ನಡೆದರು. ಟೀಚರ್ ಮೇಲಿನ ನೈಟಿ ತೆಗೆದು ಅಲ್ಫೋನ್ಸರ ಕೈಗೆ ಕೊಟ್ಟರು. ಒಳಗೆ ಮೊಣಕೈವರೆಗೆ ತೋಳು, ಮೊಣಕಾಲಿನವರೆಗೆ ಕಾಲು ಇರುವ ಕಪ್ಪು ಈಜುಡುಗೆ. ತಲೆಗೆ ಕಿತ್ತಳೆ ಬಣ್ಣದ ಟೋಪಿ, ಕಣ್ಣಿಗೆ ಕನ್ನಡಕ.

ಡ್ಯಾಫ್ನಿ ತಾಯಿಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಮ್ಮಿ, ನೀವು ನೀರಿನಲ್ಲಿ ನಡೆಯುವುದು ಮಾತ್ರ ಅಂತ ಹೇಳಿದ್ದಿರಿ."

"ಮೊದಲು ನಡೆದೆ. ಮತ್ತೆ ಕಾಲು ಎತ್ತಿದೆ" ಎಂದರು ಟೀಚರ್.

ಸಂಜೆಯ ಗಾಳಿಗೆ ಕಡಲು ಎದ್ದಿತ್ತು. ಎದೆಯ ಮಟ್ಟಕ್ಕೆ ಹೋಗುವ ಮೊದಲೇ ಒಂದು ಅಲೆ ಟೀಚರನ್ನು ಎತ್ತಿ ಒಗೆಯಿತು. ಎದ್ದರು. ಇನ್ನೊಂದು ಬಂದು ಹಿಂದಿನಿಂದ ಮಗುಚಿತು. ಬಾಯಿ ತುಂಬ ಮರಳು, ಮೂಗಿನಲ್ಲಿ ಉಪ್ಪು. ಟೋಪಿ ಒಂದು ಕಡೆ, ಕನ್ನಡಕ ಒಂದು ಕಡೆ. ದಡದಲ್ಲಿ ಅಲ್ಫೋನ್ಸ್ ನೈಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಲೈಫ್‌ಗಾರ್ಡ್ ಸೀಟಿ ಊದಿ, "ಅಮ್ಮಾ, ಇಷ್ಟೇ ಸಾಕು, ಈಚೆ ಬನ್ನಿ" ಎಂದು ಕೈ ಬೀಸಿದ. ಟೀಚರ್ ಬಂದರು, ಕಣ್ಣು ಕೆಂಪಾಗಿ, ಕೂದಲಿಂದ ನೀರು ಸುರಿಸುತ್ತ, ನಗುತ್ತ ಬಂದರು.

"ಇದರಲ್ಲಿ ಈಜಲಿಕ್ಕೆ ಆಗುವುದಿಲ್ಲ. ಇದು ನಮ್ಮನ್ನು ಒಗೆಯಲಿಕ್ಕೆ ಇರುವ ನೀರು. ಆದರೆ ಎಂಥ ಶಕ್ತಿ ಮಾರಾಯ್ತಿ. ಡ್ಯಾಫ್ನಿ, ನೀನೂ ಒಮ್ಮೆ ಹೋಗು."

ಡ್ಯಾಫ್ನಿ ಹೋಗಲಿಲ್ಲ. ನೀರಿನಿಂದ ಎತ್ತಿ ತಂದವರನ್ನು ಅವಳು ತುರ್ತು ಚಿಕಿತ್ಸೆಯ ವಿಭಾಗದಲ್ಲಿ ನೋಡಿದ್ದಳು. ರಜೆಯಲ್ಲಿ ಅದನ್ನು ನೆನೆಯುವುದು ಅವಳಿಗೆ ಬೇಡವಾಗಿತ್ತು. ಆಶ್ಚರ್ಯವೆಂದರೆ ಎಲೇನ್ ಕೂಡ ಕಣಕಾಲಿನ ನೀರಿನಿಂದ ಮುಂದೆ ಹೋಗಿರಲಿಲ್ಲ.

"ತಳ ಕಾಣುವುದಿಲ್ಲ ಗ್ರ್ಯಾನಿ" ಎಂದಳು ರಾತ್ರಿ ಊಟಕ್ಕೆ ಕುಳಿತಾಗ, ಮೆಲ್ಲಗೆ. "ಪೂಲ್‌ನಲ್ಲಿ ಗೆರೆ ಇರ್ತದೆ. ಇಲ್ಲಿ ಎಲ್ಲಿಗೆ ಹೋಗುವುದು ಅಂತಲೇ ಗೊತ್ತಾಗುವುದಿಲ್ಲ."

ಟೀಚರಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ಕಂಬಿ ಹಿಡಿದು ಸರಿಯುತ್ತಿದ್ದ ದಿನಗಳು ಅವರಿಗೆ ಅಷ್ಟು ಬೇಗ ಮರೆಯುವಂಥವಲ್ಲ.

ಮರುದಿನ ಬೆಳಿಗ್ಗೆ ಚಹಾ ಲೋಟ ಹಿಡಿದು ದಕ್ಕೆಯ ಮೇಲೆ ಕುಳಿತಿದ್ದ ಟೀಚರ್ ಒಂದು ವಿಷಯ ಗಮನಿಸಿದರು. ನೀರಿನಲ್ಲಿ ಒಂದು ತೆಂಗಿನ ಗರಿ ತೇಲುತ್ತಿತ್ತು. ಅದು ನದಿ ಕಡಲು ಸೇರುವ ಅಳಿವೆಯ ಕಡೆಗೆ, ಅಂದರೆ ದಕ್ಷಿಣಕ್ಕೆ, ಹೋಗುತ್ತಿರಲಿಲ್ಲ. ಉತ್ತರಕ್ಕೆ ಹೋಗುತ್ತಿತ್ತು. ನದಿ ಹಿಂದಕ್ಕೆ ಹರಿಯುತ್ತಿತ್ತು. ಅವರು ಲೋಟ ಕೆಳಗಿಟ್ಟು ಎದ್ದು ನಿಂತರು.

ದೋಣಿಯ ನೀರು ಚೆಲ್ಲುತ್ತಿದ್ದ ಹಾಶಿಂ, "ಭರತ ಶುರುವಾಯ್ತು ಟೀಚರ್" ಎಂದರು. "ಕಡಲಿನ ನೀರು ಒಳಗೆ ಬರುವುದು. ಇನ್ನು ಸ್ವಲ್ಪ ಹೊತ್ತಿಗೆ ನೀರು ಚೊಕ್ಕ ಆಗ್ತದೆ, ದಡದ ಹತ್ತಿರ ತಳವೂ ಕಾಣ್ತದೆ. ನಾವೆಲ್ಲ ಸಣ್ಣದಿರುವಾಗ ಫೆರಿ ಹತ್ತಿರ ಹಾರಿ ಇಲ್ಲಿಗೆ ಬಂದು ಹತ್ತುವುದು. ಕೈ ಬಡಿಯುವುದೇ ಬೇಡ. ನೀರೇ ತಂದು ಬಿಡ್ತದೆ."

ಟೀಚರ್ ಆ ಗರಿ ಕಣ್ಣಿಗೆ ಮರೆಯಾಗುವವರೆಗೆ ನೋಡಿದರು. ಆಮೇಲೆ ಒಳಗೆ ಹೋಗಿ ಎಲ್ಲರನ್ನೂ ಎಬ್ಬಿಸಿದರು.

ಜಗಳ ಆಯಿತು. ಪೇಟೆಯ ನೀರೆಲ್ಲ ಆ ಹೊಳೆಗೆ ಸೇರುತ್ತದೆ ಎಂದರು ಅಲ್ಫೋನ್ಸ್. ಈಗ ಬರುತ್ತಿರುವುದು ಸಮುದ್ರದ ನೀರು ಎಂದರು ಟೀಚರ್. ವಯಸ್ಸೆಷ್ಟು ಎಂದು ಕೇಳಿದಳು ಡ್ಯಾಫ್ನಿ. ನಿನಗೆ ಗೊತ್ತಿರುವಷ್ಟೇ ಎಂದರು ಟೀಚರ್. ಕೊನೆಗೆ ಹಾಶಿಂ ನಡುವೆ ಬಂದು ತಮ್ಮ ಷರತ್ತು ಹೇಳಿದರು. ಮಗುವಿಗೆ ಲೈಫ್ ಜಾಕೆಟ್ ಬೇಕೇ ಬೇಕು. ಟೀಚರ್ ಜಾಕೆಟ್ ಒಲ್ಲೆ ಎಂದರೆ ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿಕೊಳ್ಳಬೇಕು. ಇಲ್ಲಿನ ಮಕ್ಕಳು ಈಜು ಕಲಿಯುವುದೇ ಹಾಗೆ. ಅವರು ದೋಣಿಯಲ್ಲಿ ಹಿಂದೆಯೇ ಬರುತ್ತಾರೆ. ಫೆರಿಯಿಂದ ಈಚೆ, ದೋಣಿಗಳು ಓಡಾಡದ ಕಡೆ, ದಡದ ಪಕ್ಕದಲ್ಲೇ ಬರಬೇಕು. ದಕ್ಕೆ ಕಂಡ ಕೂಡಲೇ ಎಡಕ್ಕೆ ತಿರುಗಬೇಕು.

"ನಾನು ದೋಣಿಯಲ್ಲಿ ಇರ್ತೇನೆ" ಎಂದಳು ಡ್ಯಾಫ್ನಿ. ಅದು ಒಪ್ಪಿಗೆ. ಅಲ್ಫೋನ್ಸ್ ದಕ್ಕೆಯ ಮೇಲೆ ಟವೆಲು ಮತ್ತು ಟೀಚರ ಚಪ್ಪಲಿ ಹಿಡಿದು ಕಾಯುವುದು ಎಂದಾಯಿತು.

ಫೆರಿ ಕಟ್ಟೆಯಿಂದ ಸ್ವಲ್ಪ ಈಚೆಗೆ ಮರಳಿನ ದಡವಿತ್ತು. ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡು ಇಳಿದರು. ನೀರು ತಣ್ಣಗಿತ್ತು, ಆದರೆ ಕೊಳದ ಬೆಳಗಿನ ನೀರಿನಂತೆ ಕಚ್ಚುವ ತಣ್ಣಗಲ್ಲ. ಬೆರಳುಗಳ ನಡುವೆ ಕೆಸರಲ್ಲ, ಮರಳು. ಸಣ್ಣ ಮೀನಿನ ಹಿಂಡೊಂದು ಎಲೇನಳ ಪಾದ ನೋಡಿಕೊಂಡು ಹೋಯಿತು. ಅವಳು ಅಜ್ಜಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಗ್ರ್ಯಾನಿ, ಕಾಲು ಸಿಗದಿದ್ದರೆ?"

"ಸಿಗದಿದ್ದರೆ ನಿಲ್ಲುವ ಕೆಲಸ ಇಲ್ಲ. ಮಲಗುವ ಕೆಲಸ. ನಿನಗೆ ನನಗಿಂತ ಚೆನ್ನಾಗಿ ಬರ್ತದೆ. ನಿನಗೆ ಗೆರೆ ಬೇಕಲ್ಲ, ಅದಕ್ಕೆ ಎಡಗಡೆ ಆ ತೆಂಗಿನ ಮರಗಳನ್ನು ನೋಡು. ಅವು ಒಂದೊಂದೇ ಹಿಂದೆ ಹೋಗ್ತಾ ಇದ್ದರೆ ನಾವು ಸರಿಯಾದ ದಾರಿಯಲ್ಲಿದ್ದೇವೆ."

ಎಲೇನ್ ಮರಗಳನ್ನು ನೋಡಿದಳು. ಒಂದು ಉಸಿರು ತೆಗೆದುಕೊಂಡಳು. ಮುಂದಿನ ಹೆಜ್ಜೆಗೆ ಇಬ್ಬರ ಕಾಲೂ ನೆಲ ಬಿಟ್ಟವು.

ಟೀಚರ್ ಜೀವನದಲ್ಲಿ ಬಸ್ಸು, ರೈಲು, ವಿಮಾನ ಎಲ್ಲ ಹತ್ತಿದ್ದರು. ಆದರೆ ತಮ್ಮ ಮೈಯೇ ವಾಹನವಾಗಿ ಹೋಗುವುದು ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಕೈ ಒಮ್ಮೆ ಚಾಚಿದರೆ ಕೊಳದಲ್ಲಿ ಹತ್ತು ಸಲ ಬಡಿದಷ್ಟು ಮುಂದೆ. ಅಂಗಳದಲ್ಲಿ ಒಣಗುವ ಬಲೆ ಬಂತು, ಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಂದಳು, ಬಾಯಿ ತೆರೆದು ನಿಂತಳು, ಹಿಂದೆ ಸರಿದಳು. ಗೂಟದ ಮೇಲೆ ಕುಳಿತಿದ್ದ ಮಿಂಚುಳ್ಳಿ ಏಳಲೇ ಇಲ್ಲ. ಇಬ್ಬರು ಮನುಷ್ಯರು ತೇಲಿ ಹೋಗುವುದು ಅದಕ್ಕೆ ಸಾಮಾನ್ಯ ಸಂಗತಿಯಂತೆ. ನದಿಯಾಚೆ ಇಡೀ ಪೇಟೆ ಬಿಸಿಲಿಗೆ ಕಣ್ಣು ಬಿಡುತ್ತಿತ್ತು. ಅಲ್ಲಿ ಯಾವುದೋ ಬಸ್ಸು ಹಂಪನಕಟ್ಟೆಗೆ ಹೋಗಲು ಹಾರನ್ ಹೊಡೆಯುತ್ತಿತ್ತು, ಜನ ಕೆಲಸಕ್ಕೆ ಓಡುತ್ತಿದ್ದರು, ನಾನು ಇಲ್ಲಿ ಸೊಂಟಕ್ಕೆ ಕ್ಯಾನ್ ಕಟ್ಟಿಕೊಂಡು ಹೊಳೆಯ ಜೊತೆ ಹೋಗುತ್ತಿದ್ದೇನೆ. ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ನೀರು ಬಾಯಿಗೆ ಬರುತ್ತದೆ, ಆದರೂ ನಕ್ಕರು.

ಪಕ್ಕದಲ್ಲಿ ಎಲೇನ್ ಕೂಗುತ್ತಿದ್ದಳು: "ಮಮ್ಮಾ, ನೋಡು, ನಾನು ಎಂತ ಮಾಡುವುದೂ ಇಲ್ಲ, ಸುಮ್ಮನೆ ಇದ್ದೇನೆ, ಆದರೂ ಹೋಗ್ತಾ ಇದ್ದೇನೆ." ದೋಣಿಯಲ್ಲಿ ಬಿಗಿದುಕೊಂಡು ಕುಳಿತಿದ್ದ ಡ್ಯಾಫ್ನಿ ಕೂಡ ಫೋನ್ ತೆಗೆದು ವಿಡಿಯೊ ಮಾಡಲು ಶುರುಮಾಡಿದಳು.

ಟೀಚರ್ ಅಂಗಾತ ಮಲಗಿದರು. ಕಿವಿ ನೀರಿನೊಳಗೆ ಹೋದದ್ದೇ ಲೋಕದ ಸದ್ದೆಲ್ಲ ನಿಂತು, ಒಳಗಿನಿಂದ ಬೇರೆಯೇ ಸದ್ದು ಕೇಳಿಸಿತು. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ, ಬಹಳ ದೂರದ ಚಟಪಟ. ಮೇಲೆ ಮೋಡವಿಲ್ಲದ ಆಕಾಶ, ಎರಡು ಹದ್ದುಗಳು ಸುತ್ತುತ್ತಿದ್ದವು. ಮೊಣಕಾಲು ಇದೆ ಎನ್ನುವುದೇ ಮರೆತುಹೋಗಿತ್ತು. ಅವರು ಕಣ್ಣು ಮುಚ್ಚಿದರು. ಚಾಕಿನಲ್ಲಿ ಬರೆದ ಆ ನೀಲಿ ಉಬ್ಬು ಇದೇ, ನಾನು ಅದರ ಮೇಲೇ ಇದ್ದೇನೆ ಎಂದು ಒಮ್ಮೆ ಅನ್ನಿಸಿ ಮೈ ಜುಮ್ಮೆಂದಿತು.

ದಕ್ಕೆ ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

ಹಾಶಿಂ ಹೇಳಿಕೊಟ್ಟಿದ್ದಂತೆ ಎಲೇನ್ ಎಡಕ್ಕೆ ತಿರುಗಿ ದಕ್ಕೆಯ ಕಂಬ ಹಿಡಿದಳು. ಕೈ ಜಾರಿತು. ಹಾಶಿಂ ದೋಣಿಯನ್ನು ಅವಳ ಕಡೆ ತಿರುಗಿಸಿ ಜಾಕೆಟ್ ಹಿಡಿದು ಎತ್ತಿದರು. ಡ್ಯಾಫ್ನಿ ಮಗಳನ್ನು ತಬ್ಬಿಕೊಂಡು ಹಲಗೆಯ ಮೇಲೆ ಹತ್ತಿಸಿದಳು. ಅಷ್ಟರಲ್ಲಿ ಅಲ್ಫೋನ್ಸ್ ಕೂಗುತ್ತಿದ್ದರು: "ರೋಸ್, ಓ ರೋಸ್, ಎಲ್ಲಿಗೆ ಹೋಗ್ತೀ ನೀನು?" ಕಿತ್ತಳೆ ಟೋಪಿ ಅವರ ಕಣ್ಣೆದುರೇ, ಆರಾಮಾಗಿ, ದಕ್ಕೆ ದಾಟಿ ಹೋಯಿತು. ಹಾಶಿಂ ದೋಣಿಯ ಎಂಜಿನ್ನಿನ ಹಗ್ಗ ಎಳೆದರು. ಅದು ಗುರುಗುಟ್ಟಿ ನಿಂತಿತು. ಯಾರೋ ನೀರಿಗೆ ಬಿಟ್ಟ ಹರಕು ಪ್ಲಾಸ್ಟಿಕ್ ಎಂಜಿನ್ನಿನ ನೀರಿನೊಳಗಿನ ಫ್ಯಾನಿಗೆ ಸುತ್ತಿಕೊಂಡಿತ್ತು.

ಟೀಚರ್ ಕಣ್ಣು ಬಿಟ್ಟು ತಲೆಯೆತ್ತಿದಾಗ ಪಕ್ಕದಲ್ಲಿ ಎಲೇನ್ ಇರಲಿಲ್ಲ. ದಕ್ಕೆ ಹಿಂದೆ, ಬೆಂಕಿಪೆಟ್ಟಿಗೆಯಷ್ಟು ಸಣ್ಣದಾಗಿ ಕಾಣುತ್ತಿತ್ತು. ಅದರ ಮೇಲೆ ಮೂರು ಆಕೃತಿ. ಮಗು ಅಲ್ಲಿದೆ ಎಂದು ಮೊದಲು ಸಮಾಧಾನವಾಯಿತು. ಎರಡನೆಯದಾಗಿ ಹೆದರಿಕೆಯಾಯಿತು.

ತಿರುಗಿ ಈಜಿದರು. ಕಲಿತದ್ದನ್ನೆಲ್ಲ ಹಾಕಿ ಈಜಿದರು. ಕೈ ಸೋತು ತಲೆಯೆತ್ತಿ ನೋಡಿದರೆ ದಡದ ಬಾಗಿದ ತೆಂಗು ಇದ್ದಲ್ಲೇ ಇತ್ತು. ಮತ್ತೆ ಬಡಿದರು. ತೆಂಗು ಈಗ ಸ್ವಲ್ಪ ಮುಂದೆ ಹೋಗಿತ್ತು. ಅಂದರೆ ತಾವು ಹಿಂದೆ. ಉಪ್ಪುನೀರು ನುಂಗಿದರು. ಹಿಡಿಯಲು ಕಂಬಿ ಎಲ್ಲಿ ಎಂದು ಕೈ ತಾನಾಗಿ ಹುಡುಕಿತು. ಯಾವ ಕಡೆಯೂ ಏನೂ ಇಲ್ಲ. ಇಷ್ಟು ದಿನ ಬೇಡ ಬೇಡ ಎಂದಿದ್ದ ಆ ಗೋಡೆ ಈಗ ಎದುರಿಗೆ ಬಂದಿದ್ದರೆ ಅದಕ್ಕೆ ಮುತ್ತಿಡುತ್ತಿದ್ದರು.

ಆಗ ಅವರು ತಮಗೆ ತಾವೇ, ತರಗತಿಯಲ್ಲಿ ಗಲಾಟೆ ಮಾಡುವವರಿಗೆ ಹೇಳುತ್ತಿದ್ದ ದನಿಯಲ್ಲಿ, "ಸುಮ್ಮನಿರು" ಎಂದರು. ಚಂದ್ರ ಎಳೆಯುತ್ತಿರುವ ನೀರು ಇದು. ನೀನು ಎಳೆದರೆ ನಿಲ್ಲುತ್ತದೆಯಾ? ಅಂಗಾತ ತಿರುಗಿದರು. ಎದೆಯ ಬಡಿತ ಕಿವಿಯೊಳಗೆ ಕೇಳಿಸಿತು, ಮೆಲ್ಲಮೆಲ್ಲನೆ ತಗ್ಗಿತು. ನೀರು ಕೊಳದಲ್ಲಿ ಹಿಡಿದಂತೆಯೇ ಇಲ್ಲೂ ಕೆಳಗಿನಿಂದ ಹಿಡಿದಿತ್ತು. ಉಸಿರು ಸರಿಯಾದ ಮೇಲೆ ತಲೆಯೆತ್ತಿ ನೋಡಿದರು. ಮುಂದೆ, ಹೊಳೆಯ ನಡುವೆ, ಕಾಂಡ್ಲಾ ಗಿಡಗಳಿಂದ ಹಸಿರಾದ ಒಂದು ಕುದ್ರು, ಸಣ್ಣ ದ್ವೀಪ. ನೀರು ಹೋಗುತ್ತಿರುವುದೂ ಆ ಕಡೆಗೇ. ಸರಿ, ಹಾಗಾದರೆ ಅಲ್ಲಿಗೇ ಹೋಗುವ ಎಂದು, ನೀರಿನ ಜೊತೆ ಜಗಳ ಬಿಟ್ಟು, ಓರೆಯಾಗಿ, ನಿಧಾನವಾಗಿ ಕೈ ಹಾಕಿದರು.

ಕುದ್ರುವಿನ ಪಕ್ಕ ಒಂದು ದೋಣಿ ನಿಂತಿತ್ತು. ಅದರ ಸುತ್ತ ನಾಲ್ಕೈದು ಹೆಂಗಸರು ನೀರಿನಲ್ಲಿದ್ದರು. ಟೀಚರ್ ಕೈ ಎತ್ತಿ, "ಇಲ್ಲಿ, ಸ್ವಲ್ಪ ಹಿಡಿಯಿರಿ" ಎಂದು ತುಳುವಿನಲ್ಲಿ ಕೂಗಿದರು. ಹೆಂಗಸರು ತಿರುಗಿ ನೋಡಿದರು. ಅವರಲ್ಲಿ ವಯಸ್ಸಾದ ಒಬ್ಬಾಕೆ, ಯಾವ ಅವಸರವೂ ಇಲ್ಲದೆ, ಅದೇ ತುಳುವಿನಲ್ಲಿ ಹೇಳಿದಳು: "ಅಕ್ಕ, ಎದ್ದು ನಿಲ್ಲಿ."

ಟೀಚರ್ ಎದ್ದು ನಿಂತರು. ನೀರು ಸೊಂಟದವರೆಗೆ ಇತ್ತು.

ನಗು ಹತ್ತಿತು. ಮೊದಲು ಟೀಚರಿಗೆ, ಆಮೇಲೆ ಎಲ್ಲರಿಗೂ. ನಕ್ಕು ನಕ್ಕು ಟೀಚರ್ ನಿಲ್ಲಲಾಗದೆ ದೋಣಿಯ ಅಂಚು ಹಿಡಿದುಕೊಂಡರು. ದೋಣಿಯೊಳಗೆ ಮರುವಾಯಿಯ ರಾಶಿ, ಕಪ್ಪುಬಿಳಿ ಚಿಪ್ಪುಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಇಳಿತದಲ್ಲಿ ಮರಳು ಕೆದಕಿ ಹೆಕ್ಕಿದ್ದು. ನೀರು ಏರುತ್ತಿದ್ದುದರಿಂದ ಅವರು ಹೊರಡುವುದರಲ್ಲಿದ್ದರು.

"ಎಲ್ಲಿಂದ ಬಂದದ್ದು ಅಕ್ಕ?" ಎಂದು ಕೇಳಿದಳು ಆ ವಯಸ್ಸಾದವಳು. ಹೆಸರು ದೇಯಿ ಎಂದು ಆಮೇಲೆ ಗೊತ್ತಾಯಿತು.

"ಕೊಟ್ಟಾರದಿಂದ."

"ಕೊಟ್ಟಾರದಿಂದ ಈಜಿಕೊಂಡು?"

"ಅಲ್ಲ ಮಾರಾಯ್ತಿ, ಫೆರಿಯಿಂದ. ಹಾಶಿಮರ ದಕ್ಕೆಗೆ ಹೋಗಬೇಕಿತ್ತು. ತಪ್ಪಿಹೋಯಿತು."

"ಅದು ಎಂತದಕ್ಕೆ ಹಿಂದೆ ಕ್ಯಾನ್?"

ಟೀಚರ್ ತಿರುಗಿ ನೋಡಿದರು. ಬಿಳಿ ಕ್ಯಾನ್ ಹಗ್ಗದ ತುದಿಯಲ್ಲಿ ನಾಯಿಮರಿಯ ಹಾಗೆ ಬಂದು ನಿಂತಿತ್ತು. ಹೆದರಿದಾಗ ಅದನ್ನು ಹಿಡಿದುಕೊಳ್ಳಬಹುದಿತ್ತು ಎನ್ನುವುದು ಅವರಿಗೆ ಈಗ ಹೊಳೆಯಿತು.

ಅಷ್ಟರಲ್ಲಿ ಹಾಶಿಮರ ಮನೆಯಿದ್ದ ದಡದ ಕಡೆಯಿಂದ ನಾಯಿಗಳು ಬೊಗಳುವ ಸದ್ದು. ಅಲ್ಫೋನ್ಸ್ ಓಡಿಬರುತ್ತಿದ್ದರು. ಜನರ ಅಂಗಳ ದಾಟಿ, ಒಣಗಲು ಹಾಕಿದ ಮೀನಿನ ಪಕ್ಕದಿಂದ, ಒಂದು ಬೇಲಿಯಡಿಯಲ್ಲಿ ಬಗ್ಗಿ. ಹೆಗಲ ಮೇಲೆ ಟವೆಲು, ಒಂದು ಕೈಯಲ್ಲಿ ಹೆಂಡತಿಯ ಚಪ್ಪಲಿ. ವಾಕಿಂಗಿಗೆ ಕರೆದರೆ ಸೊಂಟ ನೋವು ಎನ್ನುವ ಮನುಷ್ಯ ಅಷ್ಟು ಓಡುವುದನ್ನು ಟೀಚರ್ ಮದುವೆಯಾದ ಮೇಲೆ ನೋಡಿರಲಿಲ್ಲ. ದಡಕ್ಕೆ ಬಂದವರು ನಿಲ್ಲಲಿಲ್ಲ. ಪ್ಯಾಂಟು, ಬೂಟು, ಜೇಬಿನಲ್ಲಿದ್ದ ಫೋನು ಸಮೇತ ನೀರಿಗೆ ಇಳಿದುಬಿಟ್ಟರು.

"ಅಲ್ಲೇ ನಿಲ್ಲಿ" ಎಂದು ಟೀಚರ್ ಕೂಗಿದರು. "ನಡುವೆ ಆಳ ಉಂಟು. ನಾನು ನಿಂತಿದ್ದೇನೆ. ನೋಡಿ, ನಿಂತಿದ್ದೇನೆ."

ಅಲ್ಫೋನ್ಸ್ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರು. ಚಪ್ಪಲಿಯನ್ನು ಎದೆಗೆ ಹಿಡಿದುಕೊಂಡು, ಹೊಳೆಯಾಚೆ ಕಿತ್ತಳೆ ಟೋಪಿಯನ್ನೇ ನೋಡುತ್ತ ನಿಂತರು. ಅವರ ಮುಖ ನೋಡಿ ಟೀಚರ ನಗು ನಿಂತಿತು. ಅಷ್ಟು ದೂರದಿಂದಲೂ ಅವರು ಅಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಹಾಶಿಮರ ದೋಣಿ ಬಂದಾಗ ದೇಯಿ ಎರಡು ಬೊಗಸೆ ಮರುವಾಯಿ ತೆಗೆದು ಟೀಚರ ಟೋಪಿಗೆ ತುಂಬಿದಳು. "ಮಧ್ಯಾಹ್ನಕ್ಕೆ ಇದನ್ನು ಹಾಕಿ ಅಕ್ಕಿಯ ಪುಂಡಿ ಮಾಡಿ. ಹೀಗೆ ಬಂದ ನೆಂಟರನ್ನು ಬರಿಗೈಯಲ್ಲಿ ಕಳಿಸುವುದಾ?"

ಮನೆಯಲ್ಲಿ ಡ್ಯಾಫ್ನಿ ತಾಯಿಯ ನಾಡಿ ಹಿಡಿದು, ಕಣ್ಣುರೆಪ್ಪೆ ಎತ್ತಿ, ಬೆನ್ನಿಗೆ ಕಿವಿಯಿಟ್ಟು ಎಲ್ಲ ಪರೀಕ್ಷೆ ಮಾಡಿದಳು. ಏನೂ ಆಗಿರಲಿಲ್ಲ. ಅದರಿಂದ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

"ನಾಳೆಯಿಂದ ನೀರು ಇಲ್ಲ ಮಮ್ಮಿ. ಮುಗಿಯಿತು."

"ತಪ್ಪು ನನ್ನದೇ. ಕಣ್ಣು ಮುಚ್ಚಬಾರದಿತ್ತು" ಎಂದರು ಟೀಚರ್. ತೆಂಗಿನಕಾಯಿ ತುರಿಯುತ್ತಿದ್ದ ಅವರ ಕೈ ನಿಂತಿತು. "ಆದರೆ ಮುಚ್ಚಿದಾಗ ಎಂತ ಆಯಿತು ಅಂತ ನಿನಗೆ ಹೇಗೆ ಹೇಳುವುದು. ನನ್ನ ಮೈಗೆ ಭಾರವೇ ಇರಲಿಲ್ಲ ಡ್ಯಾಫ್ನಿ. ನಿನ್ನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡಂದಿನಿಂದ ಇಷ್ಟು ವರ್ಷದಲ್ಲಿ ನನಗೆ ಹಾಗೆ ಹಗುರ ಅನ್ನಿಸಿದ್ದಿಲ್ಲ."

ಡ್ಯಾಫ್ನಿ ತುರಿದ ತೆಂಗಿನಕಾಯಿ ಎತ್ತಿಕೊಂಡು ಒಲೆಯ ಕಡೆ ಹೋದಳು. ಎಲೇನ್ ಮಾತ್ರ ತಟ್ಟೆಯ ಮುಂದೆ ಕುಳಿತವಳು ಅದೇ ಅದೇ ಹೇಳುತ್ತಿದ್ದಳು. ಮೀನು, ಮಿಂಚುಳ್ಳಿ, ಮರಗಳು ಹಿಂದೆ ಹೋದದ್ದು. ಅಪ್ಪನಿಗೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹಾಶಿಮರ ಹೆಂಡತಿಗೂ ಹೇಳಿದಳು. ನಾಳೆ ಭರತ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಇವತ್ತಿಗಿಂತ ಸ್ವಲ್ಪ ತಡವಾಗಿ ಎಂದು ಟೀಚರ್ ಹೇಳಿ, ಯಾಕೆ ತಡ ಎಂದು ಮೇಜಿನ ಮೇಲೆ ಒಂದು ನಿಂಬೆಹಣ್ಣು, ಒಂದು ಮರುವಾಯಿ ಚಿಪ್ಪು ಇಟ್ಟು ತೋರಿಸಿದರು. ಡ್ಯಾಫ್ನಿ ಕೇಳಿಸಿಕೊಳ್ಳದವಳ ಹಾಗೆ ಕೇಳಿಸಿಕೊಂಡಳು.

ಮರುದಿನ ಹಾಶಿಂ ದಕ್ಕೆಯಿಂದ ನದಿಗೆ ಅಡ್ಡಲಾಗಿ ಒಂದು ಹಗ್ಗ ಬಿಟ್ಟು, ಅದರ ತುದಿಗೆ ತೇಲುವ ಕೆಂಪು ಬುರುಡೆ ಕಟ್ಟಿದರು. ಯಾರು ತಪ್ಪಿದರೂ ಹಗ್ಗ ಸಿಗಬೇಕು. ಎಂಜಿನ್ನಿನ ಫ್ಯಾನನ್ನು ಎರಡು ಸಲ ನೋಡಿಕೊಂಡರು. ಟೀಚರ್ ಯಾರೂ ಹೇಳದೆಯೇ ಲೈಫ್ ಜಾಕೆಟ್ ಹಾಕಿಕೊಂಡರು. ಫೆರಿಯ ಹತ್ತಿರದ ಮರಳಿನ ದಡಕ್ಕೆ ಹೋದಾಗ ಡ್ಯಾಫ್ನಿ ದೋಣಿಯಿಂದ ಇಳಿದಳು. ಹಳೆಯ ಚೂಡಿದಾರದಲ್ಲಿದ್ದಳು, ಕೂದಲು ಮೇಲಕ್ಕೆ ಕಟ್ಟಿದ್ದಳು.

"ಎಲೇನ್ ಒಬ್ಬಳನ್ನೇ ನಿಮ್ಮ ಜೊತೆ ಬಿಡಲಿಕ್ಕೆ ನನಗೆ ಧೈರ್ಯ ಇಲ್ಲ" ಎಂದಳು ತಾಯಿಗೆ. ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ಇಬ್ಬರ ನಡುವೆ ನಿಂತು ಎರಡೂ ಕಡೆಯವರ ಕೈ ಹಿಡಿದಳು.

ನೀರು ಎತ್ತಿಕೊಂಡಾಗ ಅವಳ ಬಾಯಿಂದ ಬಂದ ಸದ್ದು ಹೆದರಿಕೆಯದೋ ಸಂತೋಷದ್ದೋ ಹೇಳಲು ಬರುವಂತಿರಲಿಲ್ಲ. ಮೊದಲ ತೆಂಗು ಹಿಂದೆ ಹೋಗುವವರೆಗೆ ಬೈಯುತ್ತಿದ್ದಳು. ಎರಡನೆಯದಕ್ಕೆ ಸುಮ್ಮನಾದಳು. ಬಲೆ ಒಣಗುವ ಅಂಗಳ ದಾಟುವಾಗ ಎಲೇನಳಿಗಿಂತ ಜೋರಾಗಿ ನಗುತ್ತಿದ್ದಳು. ಮೂವರೂ ಹಗ್ಗ ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ದಕ್ಕೆಗೆ ಬಂದರು. ಹತ್ತುವ ಮೊದಲೇ, "ಇನ್ನೊಮ್ಮೆ ಹೋಗುವನಾ?" ಎಂದು ಕೇಳಿದವಳು ಡ್ಯಾಫ್ನಿ.

ಇನ್ನೊಮ್ಮೆ ಹೋದ ಮೇಲೆ ಮತ್ತೊಮ್ಮೆಯೂ ಹೋದರು. ಭರತ ತುಂಬಿ ನೀರು ಅಲ್ಲಾಡದೆ ನಿಂತಾಗ, ದಕ್ಕೆಯ ಮೆಟ್ಟಿಲ ಮೇಲೆ ಕುಳಿತಿದ್ದ ಅಲ್ಫೋನ್ಸ್ ಚಪ್ಪಲಿ ಕಳಚಿದರು. ಲುಂಗಿ ಮೇಲೆ ಕಟ್ಟಿ ಒಂದು ಮೆಟ್ಟಿಲು ಇಳಿದರು, ಇನ್ನೊಂದು ಇಳಿದರು. ಎದೆಯ ಮಟ್ಟಕ್ಕೆ ನೀರು ಬಂದಾಗ ಕಂಬ ಹಿಡಿದು ನಿಂತು, "ಅದು ತೇಲುವುದು ಅಂತ ಹೇಳಿದೆಯಲ್ಲ, ಹೇಗೆ?" ಎಂದು ಹೆಂಡತಿಯನ್ನು ಕೇಳಿದರು. ಮಗಳ ಕಡೆಗೆ, ಮೊಮ್ಮಗಳ ಕಡೆಗೆ ನೋಡಲಿಲ್ಲ.

ಟೀಚರ್ ಅವರ ಬೆನ್ನಿನ ಕೆಳಗೆ ಎರಡೂ ಅಂಗೈ ಇಟ್ಟರು. "ಕುತ್ತಿಗೆ ಸಡಿಲ ಬಿಡಿ. ಹೊಟ್ಟೆ ಮೇಲೆ ಬರಲಿ. ಆಕಾಶ ನೋಡಿ, ನನ್ನನ್ನಲ್ಲ."

"ಕೈ ತೆಗೀಬೇಡ."

"ಇಲ್ಲ."

ಅಲ್ಫೋನ್ಸ್ ಕಂಬ ಬಿಟ್ಟರು. ಒಂದು ಕಾಲು ಮುಳುಗಿತು, ಸೊಂಟ ಮಡಚಿತು, ಮೂಗಿಗೆ ನೀರು ನುಗ್ಗಿ ಕೆಮ್ಮುತ್ತ ಎದ್ದು ಕಂಬ ತಬ್ಬಿಕೊಂಡರು. ಮುಖ ಒರೆಸಿಕೊಂಡರು. ಬೆನ್ನು ತಿರುಗಿಸಿ ಮತ್ತೆ ನಿಂತರು. ಈ ಸಲ ಕಿವಿಗಳು ನೀರಿನೊಳಗೆ ಹೋದವು, ಹೊಟ್ಟೆ ಮೇಲೆ ಬಂತು, ಎರಡು ಕಾಲಿನ ಹೆಬ್ಬೆರಳುಗಳು ನೀರಿನಿಂದ ಹೊರಗೆ ಇಣುಕಿದವು. ಅವರ ಕಣ್ಣು ಅಗಲವಾಯಿತು.

"ರೋಸ್, ಒಳಗೆ ಏನೋ ಸಿಡಿಯುವ ಸದ್ದು ಕೇಳ್ತದೆ" ಎಂದರು, ಆಕಾಶದ ಕಡೆಗೆ, ಕಿವಿ ನೀರಿನೊಳಗಿದ್ದುದರಿಂದ ಬೇಕಿದ್ದಕ್ಕಿಂತ ಗಟ್ಟಿಯಾಗಿ.

ಟೀಚರ್ ಕೈ ಹಾಗೆಯೇ ಇಟ್ಟುಕೊಂಡಿದ್ದರು. ಎಲೇನ್ ದಕ್ಕೆಯ ತುದಿಯಿಂದ ಓಡಿಬಂದು ಅವರ ಪಕ್ಕದಲ್ಲೇ ನೀರಿಗೆ ಹಾರಿದಳು.